ಮಳೆಗಾಲಕ್ಕೆ ಮುನ್ನ ಬೈಕಿನ ಚೈನು: ಸವೆತವನ್ನು ಗುರುತಿಸುವ ಮತ್ತು ಬದಲಾಯಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ದೈನಂದಿನ ಕಾರ್ಯದ ಬಹುಪಾಲು ಮೋಟಾರು ಬೈಕನ್ನೇ ಅವಲಂಬಿಸಿದೆ. ನೀರಗಂಟಿಯವರು ನಸುಕಿನಲ್ಲಿ ಪಂಪ್‌ಹೌಸಿಗೆ ತೆರಳುವುದು, ಕರವಸೂಲಿಗಾರರು ಒಂದು ಮಜರೆಯಿಂದ ಮತ್ತೊಂದಕ್ಕೆ ಸಾಗುವುದು, ಸದಸ್ಯರು ವಾರ್ಡ್ ಸಭೆಗೆ ಬರುವುದು ಎಲ್ಲವೂ ಅದರ ಮೇಲೆಯೇ. ಪಂಚಾಯತಿಯ ದಾಸ್ತಾನು ವಹಿಯಲ್ಲಿ ಈ ವಾಹನಗಳು ಕಾಣಿಸುವುದಿಲ್ಲ; ಅವು ಆಯಾ ವ್ಯಕ್ತಿಗಳ ಸ್ವಂತದವು. ದುರಸ್ತಿಯ ಖರ್ಚೂ ಅವರದೇ. ಆದರೆ ಬೈಕು ದಾರಿಯಲ್ಲಿ ನಿಂತರೆ ಆ ದಿನ ನಲ್ಲಿಗೆ ನೀರು ಬಾರದಿರುವುದು ಊರಿಗೆ.

ಯಲ್ಲಾಪುರ ತಾಲ್ಲೂಕಿನ ಇಡಗುಂದಿಯಂಥ ಕಡೆ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಅಂಕೋಲಾ–ಯಲ್ಲಾಪುರ ಹೆದ್ದಾರಿ, ಸಮೀಪದಲ್ಲೇ ಅರಬೈಲ್ ಘಟ್ಟ, ಹೆದ್ದಾರಿಯಿಂದ ಕವಲೊಡೆದು ಅಡಿಕೆ ತೋಟಗಳ ಕಡೆಗೆ ಇಳಿಯುವ ಮಣ್ಣುದಾರಿಗಳು. 2021ರ ಜುಲೈ ತಿಂಗಳ ಮಳೆಯಲ್ಲಿ ಅರಬೈಲ್ ಘಟ್ಟದಲ್ಲಿಯೂ ಕಳಚೆಯಲ್ಲಿಯೂ ಭೂಕುಸಿತವಾದುದನ್ನು ಈ ಭಾಗದ ಯಾರೂ ಮರೆತಿಲ್ಲ. ಅಂಥ ದಿನಗಳಲ್ಲಿ ಬಸ್ಸು ನಿಂತರೂ ಬೈಕು ನಿಲ್ಲುವಂತಿಲ್ಲ.

ಘಟ್ಟ ಇಳಿಯುವ ಸವಾರನು ಗೇರು ತಗ್ಗಿಸಿ, ಎಂಜಿನ್ನಿನ ಹಿಡಿತದಲ್ಲಿ ಬೈಕನ್ನು ಇಳಿಸುತ್ತಾನೆ. ಆ ಹಿಡಿತವು ಹಿಂದಿನ ಚಕ್ರಕ್ಕೆ ತಲುಪುವುದು ಚೈನಿನ ಮೂಲಕ ಮಾತ್ರ. ತಿರುವಿನಲ್ಲಿ ಚೈನು ಹಲ್ಲಿನಿಂದ ಕಳಚಿದರೆ ಎಂಜಿನ್ನಿನ ಹಿಡಿತ ಅದೇ ಕ್ಷಣ ತಪ್ಪಿಹೋಗುತ್ತದೆ; ಒದ್ದೆಯಾದ ಬ್ರೇಕು ಮಾತ್ರ ಉಳಿಯುತ್ತದೆ, ಹಿಂದಿನಿಂದ ಅದಿರೋ ಸಿಮೆಂಟೋ ತುಂಬಿದ ಲಾರಿ ಬರುತ್ತಿರುತ್ತದೆ. ಇನ್ನೂ ಕೆಟ್ಟ ಪ್ರಸಂಗವೆಂದರೆ, ತುಂಡಾದ ಚೈನು ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ ಸುತ್ತಿಕೊಂಡು ಎಂಜಿನ್ನಿನ ಕವಚವನ್ನು ಒಡೆಯುವುದು, ಅಥವಾ ಹಿಂದಿನ ಚಕ್ರವನ್ನು ಹಠಾತ್ತನೆ ಬಿಗಿಹಿಡಿದು ಸವಾರನನ್ನು ಕೆಡವುವುದು.

ಉದಾಹರಣೆಗೆ ನೀರಗಂಟಿಯೊಬ್ಬರ 100 ಸಿಸಿ ಬೈಕನ್ನು ಕಲ್ಪಿಸಿಕೊಳ್ಳಬಹುದು. ಕೆಲವು ದಿನಗಳಿಂದ ಏರಿನಲ್ಲಿ ಕಟಕಟ ಸದ್ದು. ಎಕ್ಸಿಲರೇಟರ್ ತಿರುಗಿಸಿದಾಗ ಒಂದು ಕ್ಷಣ ತಡವಾಗಿ, ಹಿಂದಿನಿಂದ ಯಾರೋ ದೂಡಿದಂತೆ, ಬೈಕು ಜಗ್ಗಿ ಮುಂದೆ ಹೋಗುತ್ತದೆ. ಅವರು ಎರಡು ಬಾರಿ ಚೈನು ಬಿಗಿ ಮಾಡಿಸಿದ್ದಾರೆ. ಮೂರನೆಯ ಬಾರಿ ಬಿಗಿ ಮಾಡಲು ಅಡ್ಜಸ್ಟರಿನಲ್ಲಿ ಜಾಗವೇ ಉಳಿದಿಲ್ಲ. ಗ್ಯಾರೇಜಿನಲ್ಲಿ ದೊರೆಯುವ ಸಲಹೆ: "ಎರಡು ಕೊಂಡಿ ಕತ್ತರಿಸಿಬಿಡೋಣ, ಈ ಮಳೆಗಾಲ ಕಳೆಯುತ್ತದೆ." ಈ ಮಾತಿನಲ್ಲಿ ಕೆಡುಕಿಲ್ಲ, ಗಿರಾಕಿಯ ಹಣ ಉಳಿಸುವ ಉದ್ದೇಶವೇ ಇದೆ. ಆದರೆ ಲೆಕ್ಕ ತಪ್ಪು. ಅದು ಏಕೆ ತಪ್ಪು ಎಂಬುದನ್ನು ತಿಳಿದವರಿಗೆ ಉಳಿದದ್ದೆಲ್ಲ ತಾನಾಗಿಯೇ ತಿಳಿಯುತ್ತದೆ.

ಇಂದು ಬಳಕೆಯಲ್ಲಿರುವ ಮಾದರಿಯ ಬುಶ್ ರೋಲರ್ ಚೈನನ್ನು ಹ್ಯಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ರೂಪಿಸಿದನು. ಅದರ ಮೂಲ ರಚನೆ ಇಂದಿಗೂ ಬದಲಾಗಿಲ್ಲ. ಎರಡು ಪಕ್ಕದ ಪಟ್ಟಿಗಳು, ಅವುಗಳನ್ನು ಜೋಡಿಸುವ ಪಿನ್ನು, ಪಿನ್ನಿನ ಸುತ್ತ ಬುಶ್, ಬುಶ್ಶಿನ ಮೇಲೆ ತಿರುಗುವ ರೋಲರು. ಚೈನು ಹಲ್ಲುಚಕ್ರವನ್ನು ಬಳಸಿ ಬಾಗಿದಾಗಲೆಲ್ಲ ಪಿನ್ನು ಬುಶ್ಶಿನೊಳಗೆ ಸ್ವಲ್ಪ ಹೊರಳುತ್ತದೆ. ಅಲ್ಲಿ ಎಣ್ಣೆಯಿದ್ದರೆ ಜಾರುತ್ತದೆ, ಮಣ್ಣಿದ್ದರೆ ಅರೆಯುತ್ತದೆ.

"ಚೈನು ಎಳೆದಿದೆ" ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಉಕ್ಕಿನ ಪಟ್ಟಿ ರಬ್ಬರಿನಂತೆ ಎಳೆಯುವುದಿಲ್ಲ. ಪ್ರತಿಯೊಂದು ಕೀಲಿನಲ್ಲಿ ಪಿನ್ನು ಹಾಗೂ ಬುಶ್ ಕೂದಲೆಳೆಯಷ್ಟು ಸವೆದು, ಆ ಎಲ್ಲ ಸವೆತಗಳು ಕೂಡಿ ಚೈನು ಉದ್ದವಾದಂತೆ ತೋರುತ್ತದೆ. ನಮ್ಮ ದಾರಿಗಳಲ್ಲಿ ಓಡುವ ಬಹುತೇಕ 100ರಿಂದ 150 ಸಿಸಿ ಬೈಕುಗಳ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಇರುವ ಅಂತರ ಅರ್ಧ ಅಂಗುಲ, ಅಂದರೆ 12.7 ಮಿ.ಮೀ. ಪಟ್ಟಿಯ ಮೇಲೆ ಒತ್ತಿರುವ 420, 428 ಮುಂತಾದ ಸಂಖ್ಯೆಯ ಮೊದಲ ಅಂಕಿಯ ಅರ್ಥ ಇದೇ: ಅಂಗುಲದ ಎಂಟನೆಯ ನಾಲ್ಕು ಭಾಗ. 100 ಕೊಂಡಿಗಳ ಚೈನು ಹೊಸದಿದ್ದಾಗ 1270 ಮಿ.ಮೀ. ಉದ್ದವಿರುತ್ತದೆ. ಶೇಕಡಾ 2ರಷ್ಟು ಸವೆದಾಗ ಅದು 25.4 ಮಿ.ಮೀ. ಬೆಳೆದಿರುತ್ತದೆ.

ಈಗ ಕೊಂಡಿ ಕತ್ತರಿಸುವ ಲೆಕ್ಕಕ್ಕೆ ಬರೋಣ. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಇರುವುದರಿಂದ ಜೋಡಿಯಾಗಿಯೇ ತೆಗೆಯಬೇಕು. ಒಂದು ಜೋಡಿಯ ಉದ್ದ 25.4 ಮಿ.ಮೀ. ಅಂದರೆ, 100 ಕೊಂಡಿಗಳ ಚೈನಿನಲ್ಲಿ ಒಂದು ಜೋಡಿ ಕತ್ತರಿಸಿದರೂ ಚಕ್ರ ಮೊದಲಿನ ಜಾಗದಲ್ಲಿ ಕೂರುವಷ್ಟು ಚೈನು ಬೆಳೆದಿದೆಯೆಂದರೆ, ಅದು ಶೇಕಡಾ 2ರ ಮಿತಿಯನ್ನು ಅಷ್ಟರಲ್ಲಾಗಲೇ ಮುಟ್ಟಿದೆ. ಕತ್ತರಿಸುವುದಕ್ಕೆ ಅವಕಾಶವಿರುವುದೇ ಎಸೆಯುವ ಕಾಲ ಬಂದಿದೆ ಎಂಬುದರ ಗುರುತು. ಎರಡು ಕೊಂಡಿ ಹೋದ ಮೇಲೂ ಉಳಿದ 98 ಕೊಂಡಿಗಳಲ್ಲಿ ತಲಾ ಕಾಲು ಮಿಲಿಮೀಟರಿನ ಸವೆತ ಹಾಗೆಯೇ ಇರುತ್ತದೆ. ನೋಟಕ್ಕೆ ಚೈನು ಬಿಗಿಯಾಗಿರುತ್ತದೆ, ಅಡ್ಜಸ್ಟರು ಮುಂದೆ ಬಂದಿರುತ್ತದೆ, ಸವಾರನಿಗೆ ಸಮಾಧಾನವಾಗುತ್ತದೆ. ಆದರೆ ರೋಲರುಗಳು ಹಲ್ಲಿನ ತಳದಲ್ಲಿ ಕೂರದೆ ತುದಿಯ ಕಡೆಗೆ ಏರಿ ಕುಳಿತಿರುತ್ತವೆ. ಏರಿನಲ್ಲಿ, ಹಿಂದೆ ಒಂದು ಚೀಲ ಅಡಿಕೆಯೂ ಇದ್ದಾಗ, ಅವು ಹಲ್ಲು ಹಾರುತ್ತವೆ.

ಮಲೆನಾಡಿನಲ್ಲಿ ಈ ಸವೆತ ಬಯಲುಸೀಮೆಗಿಂತ ಬೇಗ ಆಗುವುದಕ್ಕೆ ಕಾರಣ ಮಳೆಯೊಂದೇ ಅಲ್ಲ, ಮಳೆ ಮತ್ತು ಕೆಂಪುಮಣ್ಣು ಕೂಡಿದ್ದು. ನುಣುಪಾದ ಕೆಂಪು ಕೆಸರು ಎಣ್ಣೆಯೊಂದಿಗೆ ಬೆರೆತರೆ ಕತ್ತಿಗೆ ಸಾಣೆ ಹಿಡಿಯುವ ಪುಡಿಯಂತೆಯೇ ವರ್ತಿಸುತ್ತದೆ. ಮೇಲಿನಿಂದ ಗ್ರೀಸು ಮೆತ್ತಿದರೆ ಚೈನಿಗೆ ರಕ್ಷಣೆಯೆಂದು ಅನೇಕರು ನಂಬಿದ್ದಾರೆ. ಗಟ್ಟಿ ಗ್ರೀಸು ಪಿನ್ನಿನೊಳಗೆ ಇಳಿಯುವುದೇ ಇಲ್ಲ, ಹೊರಗೆ ನಿಂತು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೂರ್ಣ ಚೈನ್ ಕವರ್ ಇರುವ ಬೈಕುಗಳು ಈ ಮಟ್ಟಿಗೆ ಮೇಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾಗಳನ್ನು ಕಂಡವರಿಗೆ ಅವುಗಳ ಮುಚ್ಚಿದ ಚೈನ್ ಪೆಟ್ಟಿಗೆ ನೆನಪಿರಬಹುದು; ಆ ತಿಳಿವಳಿಕೆ ಆ ಕಾಲಕ್ಕೇ ಇತ್ತು. ಆದರೆ ಕವರಿಗೆ ಒಂದು ದೋಷವೂ ಇದೆ. ಕಾಣದ ಚೈನನ್ನು ಯಾರೂ ನೋಡುವುದಿಲ್ಲ. ತಳದಲ್ಲಿ ಕೆಸರು ಕಟ್ಟಿಕೊಂಡರೂ ತಿಳಿಯುವುದಿಲ್ಲ. ಚೈನು ಕವರಿಗೆ ಬಡಿದು ಸದ್ದು ಮಾಡತೊಡಗಿದಾಗಲೇ ಗಮನಕ್ಕೆ ಬರುವುದು, ಅಷ್ಟರಲ್ಲಿ ತಡವಾಗಿರುತ್ತದೆ. ಗೇರು ಇಲ್ಲದ ಸ್ಕೂಟರುಗಳಲ್ಲಿ ಚೈನಿನ ಬದಲು ಬೆಲ್ಟ್ ಇರುವುದರಿಂದ ಈ ಮಾತುಗಳು ಅವುಗಳಿಗೆ ಅನ್ವಯಿಸುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು ಸೆಂಟರ್ ಸ್ಟ್ಯಾಂಡ್, ಸಮತಟ್ಟಾದ ನೆಲ ಮತ್ತು 30 ಸೆಂ.ಮೀ.ನ ಒಂದು ಉಕ್ಕಿನ ಸ್ಕೇಲು. ಎಂಜಿನ್ ಬಂದ್ ಇರಬೇಕು, ಗೇರು ನ್ಯೂಟ್ರಲ್‌ನಲ್ಲಿರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಮಾಡಿ ಗೇರು ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವವರಿದ್ದಾರೆ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಹಲ್ಲುಚಕ್ರದೊಳಕ್ಕೆ ಹೋಗುತ್ತದೆ, ಹಿಂದಕ್ಕೆ ಎಳೆದುಕೊಳ್ಳಲು ಸಮಯ ಸಿಗುವುದಿಲ್ಲ. ಮನೆಯ ಮಕ್ಕಳು ಬೈಕು ತೊಳೆಯುವಾಗ ಇದನ್ನು ವಿಶೇಷವಾಗಿ ಹೇಳಿಕೊಡಬೇಕು.

ಮೊದಲು ಸಡಿಲ ನೋಡುವುದು. ಎರಡು ಹಲ್ಲುಚಕ್ರಗಳ ನಡುವೆ, ಕೆಳಗಿನ ಸಾಲಿನ ಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಸಾಮಾನ್ಯ ಬೈಕಿನಲ್ಲಿ 20ರಿಂದ 30 ಮಿ.ಮೀ. ಆಟವಿರಬೇಕು, ನಿಖರ ಅಳತೆ ಆಯಾ ಬೈಕಿನ ಕೈಪಿಡಿಯಲ್ಲಿರುತ್ತದೆ. ಕವರ್ ಇರುವ ಬೈಕಿನಲ್ಲಿ ರಬ್ಬರಿನ ಸಣ್ಣ ಮುಚ್ಚಳ ತೆಗೆದು ಇದನ್ನು ನೋಡಬಹುದು. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಾಲ್ಕೈದು ಕಡೆ ನೋಡಬೇಕು. ಒಂದು ಕಡೆ 20, ಇನ್ನೊಂದು ಕಡೆ 40 ಬಂದರೆ ಚೈನು ಎಲ್ಲೆಡೆ ಸಮನಾಗಿ ಸವೆದಿಲ್ಲ ಎಂದರ್ಥ. ಅಂಥ ಚೈನನ್ನು ಸಡಿಲವಾದ ಜಾಗದಲ್ಲಿ ಬಿಗಿ ಮಾಡಿದರೆ ಬಿಗಿಯಾದ ಜಾಗ ತಂತಿಯಂತಾಗಿ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಮತ್ತೊಂದು ಮಾತು: ಹಿಂದೆ ಭಾರ ಕುಳಿತಾಗ ಸಾಮಾನ್ಯವಾಗಿ ಚೈನು ಇನ್ನಷ್ಟು ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ಆಟವೇ ಇಲ್ಲದಂತೆ ಬಿಗಿಮಾಡಿಸಿಕೊಂಡು ಮೇಲೆ ಎರಡು ಚೀಲ ಹೇರುವವರು ಹೊಸ ಚೈನನ್ನೂ ಬೇಗ ಹಾಳುಮಾಡುತ್ತಾರೆ.

ಸಡಿಲವನ್ನು ಸರಿಪಡಿಸಬಹುದು, ಸವೆತವನ್ನು ಸರಿಪಡಿಸಲಾಗದು. ಆದ್ದರಿಂದ ನಿರ್ಣಾಯಕವಾದುದು ಅಳತೆ. ಕವರನ್ನು ಬಿಚ್ಚಿ, ಕೆಸರು ಒರೆಸಿ, ಚೈನಿನ ಒಂದು ಸಾಲನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಎಣಿಸಿ 21ನೆಯ ಪಿನ್ನಿನ ನಡುವಿನವರೆಗೆ ಸ್ಕೇಲು ಇಡಬೇಕು. ಇದರಲ್ಲಿ 20 ಅಂತರಗಳಿರುತ್ತವೆ. ಅರ್ಧ ಅಂಗುಲದ ಹೊಸ ಚೈನಿನಲ್ಲಿ ಇದು 254 ಮಿ.ಮೀ. ಮುಟ್ಟಬಾರದ ಮಿತಿ 259 ಮಿ.ಮೀ. 256.5 ದಾಟಿದರೆ ಶೇಕಡಾ 1ರಷ್ಟು ಸವೆದಂತೆ. ಘಟ್ಟದಲ್ಲಿ ದಿನವೂ ಓಡಾಡುವವರು ಆಗಲೇ ಹಣ ಕೂಡಿಡಲು ಆರಂಭಿಸುವುದು ಒಳಿತು. ಮೂರು ಕಡೆ ಅಳೆದು, ಬಂದುದರಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯಬೇಕು, ಸರಾಸರಿಯನ್ನಲ್ಲ. ಚೈನು ತುಂಡಾಗುವುದು ಸರಾಸರಿಯ ಜಾಗದಲ್ಲಲ್ಲ. ದೊಡ್ಡ ಬೈಕುಗಳ ದಪ್ಪ ಚೈನಿಗೆ ಈ ಅಂಕಿಗಳು ಸಲ್ಲವು, ಅವುಗಳ ಮಿತಿಯನ್ನು ಕೈಪಿಡಿಯಲ್ಲೇ ನೋಡಬೇಕು.

ಸ್ಕೇಲು ಇಲ್ಲದಿದ್ದರೆ ಹಿಂದಿನ ಹಲ್ಲುಚಕ್ರದ ತೀರ ಹಿಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆದು ನೋಡಬಹುದು. ಒಳ್ಳೆಯ ಚೈನು ಅಲ್ಲಾಡುವುದಿಲ್ಲ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಅದರ ಆಯಸ್ಸು ಮುಗಿದಿದೆ.

ಹಲ್ಲುಗಳ ಆಕಾರವೂ ಮಾತನಾಡುತ್ತದೆ. ಹೊಸ ಹಲ್ಲು ಎರಡೂ ಕಡೆ ಸಮನಾಗಿ, ತುದಿ ಮೊಂಡಾಗಿರುತ್ತದೆ. ಸವೆದ ಹಲ್ಲು ಒಂದು ಕಡೆ ಕೊರೆದು, ಕುಡುಗೋಲಿನ ತುದಿಯಂತೆ ಬಾಗಿ ಚೂಪಾಗುತ್ತದೆ. ಹಿಂದಿನ ಚಕ್ರವನ್ನು ಮಾತ್ರ ನೋಡಿ "ಹಲ್ಲು ಚೆನ್ನಾಗಿದೆ" ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಮುಂದೆ 14, ಹಿಂದೆ 42 ಹಲ್ಲುಗಳಿದ್ದರೆ ಹಿಂದಿನದು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನದು ಮೂರು ಸುತ್ತು ಬಂದಿರುತ್ತದೆ. ಅದರ ಪ್ರತಿಯೊಂದು ಹಲ್ಲಿಗೂ ಮೂರು ಪಟ್ಟು ದುಡಿಮೆ. ಎಂಜಿನ್ನಿನ ಎಡ ಕವರಿನೊಳಗೆ ಅಡಗಿ ಕುಳಿತ ಆ ಚಿಕ್ಕ ಚಕ್ರವೇ ಮೊದಲು ಸವೆಯುವುದು, ಕೊನೆಗೆ ನೋಡಲ್ಪಡುವುದು.

ಎಲ್ಲ ಜಗ್ಗಾಟವೂ ಚೈನಿನದೇ ಎಂದು ತಿಳಿಯಬಾರದು. ಹಿಂದಿನ ಹಬ್ಬಿನೊಳಗೆ ಹೊಡೆತ ತಾಳಿಕೊಳ್ಳುವ ರಬ್ಬರ್ ತುಂಡುಗಳಿರುತ್ತವೆ. ಅವು ನುರುಜಾದರೂ ಎಕ್ಸಿಲರೇಟರ್ ತಿರುಗಿಸಿದಾಗ ಇದೇ ರೀತಿ ಜಗ್ಗುತ್ತದೆ. ಚಕ್ರವನ್ನು ಹಿಡಿದುಕೊಂಡು ಹಿಂದಿನ ಹಲ್ಲುಚಕ್ರವನ್ನು ಮಾತ್ರ ಹಿಂದೆ ಮುಂದೆ ಆಡಿಸಿದರೆ ತಿಳಿಯುತ್ತದೆ. ಕರಕರ ಸದ್ದು ಗೇರು ತೆಗೆದು ಜಾರುವಾಗಲೂ ಒಂದೇ ಸಮನೆ ಬರುತ್ತಿದ್ದರೆ ಚಕ್ರದ ಬೇರಿಂಗನ್ನೂ ನೋಡಬೇಕು.

ಮೇಲೆ ಹೇಳಿದ ನೀರಗಂಟಿಯವರ ಬೈಕಿನಲ್ಲಿ ಅಳತೆ 260 ಮಿ.ಮೀ. ಬಂದಿತೆಂದು ಇಟ್ಟುಕೊಳ್ಳೋಣ. ಇನ್ನು ಚರ್ಚೆಗೆ ಎಡೆಯಿಲ್ಲ, ಮೂರನ್ನೂ ಬದಲಾಯಿಸಬೇಕು: ಚೈನು, ಮುಂದಿನ ಹಲ್ಲುಚಕ್ರ, ಹಿಂದಿನ ಹಲ್ಲುಚಕ್ರ. ಚೈನನ್ನು ಮಾತ್ರ ಹಾಕಿದರೆ ಹಳೆಯ ಕೊರಕಲು ಹಲ್ಲುಗಳು ಹೊಸ ರೋಲರುಗಳನ್ನು ಅಲ್ಪಕಾಲದಲ್ಲೇ ತಮ್ಮಂತೆ ಮಾಡಿಕೊಳ್ಳುತ್ತವೆ. ಸಾಮಾನ್ಯ ಬೈಕಿನ ಪೂರ್ಣ ಕಿಟ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಮಾದರಿಗೆ ತಕ್ಕಂತೆ ಹೆಚ್ಚು ಕಡಿಮೆ. ನೀರಗಂಟಿಯವರ ಸಂಬಳಕ್ಕೆ ಇದು ಸಣ್ಣ ಮೊತ್ತವೇನಲ್ಲ. ಆದ್ದರಿಂದಲೇ ಒಮ್ಮೆ ಕತ್ತರಿಸುವುದಕ್ಕೆ, ಮತ್ತೊಮ್ಮೆ ಚೈನಿಗೆ, ಮಗದೊಮ್ಮೆ ಹಲ್ಲುಚಕ್ರಕ್ಕೆ ಎಂದು ಮೂರು ಬಾರಿ ಕೂಲಿ ಕೊಡುವ ದಾರಿಯನ್ನು ಅವರಿಗೆ ತೋರಿಸಬಾರದು. ತಯಾರಕರ ಹೆಸರು, ಬೆಲೆ ಮುದ್ರಿತವಾದ ಪೆಟ್ಟಿಗೆಯಲ್ಲಿರುವ ಕಿಟ್ಟನ್ನೇ ಕೊಳ್ಳಬೇಕು, ಹಲ್ಲುಗಳನ್ನು ಹಳೆಯದರೊಂದಿಗೆ ಎಣಿಸಿ ನೋಡಬೇಕು. ಘಟ್ಟ ಏರಲು ಸುಲಭವೆಂದು ಮುಂದೆ ಒಂದು ಹಲ್ಲು ಕಡಿಮೆ ಹಾಕಿಸುವ ಪದ್ಧತಿ ಕೆಲವರಲ್ಲಿದೆ. ಏರು ಸುಲಭವಾಗುವುದು ನಿಜ. ಪೆಟ್ರೋಲು ಹೆಚ್ಚು ಬೇಕಾಗುವುದೂ, ಚೈನು ಇನ್ನಷ್ಟು ಚಿಕ್ಕ ಸುತ್ತಿನಲ್ಲಿ ಬಾಗಿ ಬೇಗ ಸವೆಯುವುದೂ ಅಷ್ಟೇ ನಿಜ.

ಜೋಡಣೆಯನ್ನು ಮೆಕ್ಯಾನಿಕ್ಕರೇ ಮಾಡಲಿ. ಆದರೆ ಎದುರಿಗೆ ನಿಂತು ನೋಡುವವರು ಏನನ್ನು ನೋಡಬೇಕೆಂದು ತಿಳಿದಿರಬೇಕು. ಹಳೆಯ ಚೈನು ಇರುವಾಗಲೇ, ಗೇರು ಹಾಕಿ ಹಿಂದಿನ ಬ್ರೇಕು ಒತ್ತಿಹಿಡಿದು, ಮುಂದಿನ ಹಲ್ಲುಚಕ್ರದ ಬೋಲ್ಟುಗಳನ್ನು ಸಡಿಲಿಸಿಕೊಂಡರೆ ಕೆಲಸ ಸುಗಮ. ಚೈನು ತೆಗೆದ ಮೇಲೆ ಚಕ್ರವನ್ನು ಹಿಡಿದು ನಿಲ್ಲಿಸುವುದು ಕಷ್ಟ. ಹಿಂದಿನ ಚಕ್ರ ಬಿಚ್ಚಿದಾಗ ಹಬ್ಬಿನ ರಬ್ಬರುಗಳನ್ನೂ ಬೇರಿಂಗನ್ನೂ ಆಗಲೇ ನೋಡಬೇಕು, ಅದಕ್ಕಾಗಿ ಮತ್ತೊಮ್ಮೆ ಬಿಚ್ಚುವಂತಾಗಬಾರದು. ಹೊಸ ಚೈನಿನ ತುದಿಗಳನ್ನು ಕೂಡಿಸುವ ಲಾಕ್ ಕ್ಲಿಪ್ಪಿನ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಮುಖಮಾಡಿರಬೇಕು. ಮೇಲಿನ ಸಾಲಿನಲ್ಲಿ ನೋಡುವಾಗ ಅದು ಬೈಕಿನ ಮುಂಭಾಗದ ಕಡೆಗಿರುತ್ತದೆ. ತಿರುಗುಮುರುಗಾದರೆ ಏನಾದರೂ ತಗುಲಿದಾಗ ಕ್ಲಿಪ್ಪು ಹಾರಿಹೋಗುತ್ತದೆ, ಅದರ ಹಿಂದೆಯೇ ಚೈನು ಬಿಚ್ಚಿಕೊಳ್ಳುತ್ತದೆ. ಎಳ್ಳುಕಾಳಿನಷ್ಟು ಗಮನ ಸಾಕಾದ ಕಡೆ ಪ್ರಾಣಕ್ಕೇ ಸಂಚಕಾರ. ಚಕ್ರ ಕೂರಿಸುವಾಗ ಎರಡೂ ಪಕ್ಕದ ಅಡ್ಜಸ್ಟರಿನ ಗೆರೆಗಳು ಸಮನಾಗಿರಬೇಕು. ಒಂದು ಪಕ್ಕ ಹೆಚ್ಚಾದರೆ ಚಕ್ರ ಓರೆಯಾಗಿ, ಹೊಸ ಹಲ್ಲಿನ ಪಕ್ಕಗಳು ತಿಂದುಹೋಗುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಬ್ರೇಕು. ಹಳೆಯ ಚೈನು ಸಡಿಲವಾದಂತೆಲ್ಲ ಹಿಂದಿನ ಚಕ್ರವನ್ನು ಹಿಂದಕ್ಕೆ ಸರಿಸುತ್ತ ಬಂದಿರುತ್ತಾರೆ, ಅದಕ್ಕೆ ತಕ್ಕಂತೆ ಡ್ರಮ್ ಬ್ರೇಕಿನ ರಾಡನ್ನೂ ಹೊಂದಿಸಿರುತ್ತಾರೆ. ಹೊಸ ಚೈನು ಗಿಡ್ಡ. ಚಕ್ರ ಒಂದು ಸೆಂಟಿಮೀಟರಿಗೂ ಹೆಚ್ಚು ಮುಂದಕ್ಕೆ ಬರುತ್ತದೆ. ರಾಡು ಮೊದಲಿನಂತೆಯೇ ಇದ್ದರೆ ಪೆಡಲು ಸಡಿಲವಾಗಿ, ಎಷ್ಟು ಒತ್ತಿದರೂ ಬ್ರೇಕು ತಡವಾಗಿ ಹಿಡಿಯುತ್ತದೆ. ಹೊಸ ಚೈನು ಹಾಕಿಸಿಕೊಂಡ ಸಂತೋಷದಲ್ಲಿ ನೇರವಾಗಿ ಘಟ್ಟಕ್ಕೆ ಇಳಿದವರಿಗೆ ಅದು ಮೊದಲ ತಿರುವಿನಲ್ಲಿ ತಿಳಿಯುತ್ತದೆ. ಆದ್ದರಿಂದ ಗ್ಯಾರೇಜು ಬಿಡುವ ಮುನ್ನ ಪೆಡಲಿನ ಆಟ, ಬ್ರೇಕ್ ದೀಪ, ಆಕ್ಸಲ್ ನಟ್ಟಿನ ಬಿಗಿ ಮೂರನ್ನೂ ನೋಡಿ, ಸಮತಟ್ಟಾದ ದಾರಿಯಲ್ಲಿ ಒಂದು ಸುತ್ತು ಓಡಿಸಿ ನಿಲ್ಲಿಸಿ ನೋಡಬೇಕು. ಸುಮಾರು 500 ಕಿ.ಮೀ. ಓಡಿದ ಮೇಲೆ ಹೊಸ ಭಾಗಗಳು ಹೊಂದಿಕೊಂಡು ಚೈನು ಸ್ವಲ್ಪ ಸಡಿಲವಾಗುವುದು ಸಹಜ. ಆಗ ಒಮ್ಮೆ ಬಿಗಿ ಮಾಡಿಸಬೇಕು.

ಆರೈಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ಕೆಸರು ತೆಗೆದು, ಒಣಗಿಸಿ, 90 ನಂಬರಿನ ಗೇರ್ ಆಯಿಲನ್ನು ಪಟ್ಟಿಗಳ ನಡುವೆ ಹನಿಹನಿಯಾಗಿ ಬಿಟ್ಟು, ಹೆಚ್ಚಾದುದನ್ನು ಒರೆಸಿದರೆ ಸಾಕು. ಪೆಟ್ರೋಲಿನಿಂದ ತೊಳೆಯಬಾರದು. ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಬಿಡುವ ಅಭ್ಯಾಸವೂ ಸಲ್ಲದು, ಅದರಲ್ಲಿ ಲೋಹದ ಕಣಗಳಿರುತ್ತವೆ. ಬೇಸಿಗೆಯಲ್ಲಿ 500 ಕಿ.ಮೀ.ಗೊಮ್ಮೆ ಮಾಡುವುದನ್ನು ಮಳೆಗಾಲದಲ್ಲಿ ಅದಕ್ಕಿಂತ ಬೇಗ ಮಾಡಬೇಕು.

ಪಂಚಾಯತಿ ಮಾಡಬಹುದಾದ ಕೆಲಸ ಇಷ್ಟು. ಮೃಗಶಿರ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಸಿಬ್ಬಂದಿಯ ಹಾಗೂ ಸದಸ್ಯರ ಬೈಕುಗಳನ್ನು ಕಚೇರಿಯ ಅಂಗಳದಲ್ಲಿ ನಿಲ್ಲಿಸಿ, ಊರಿನ ಮೆಕ್ಯಾನಿಕ್ಕರೊಬ್ಬರನ್ನು ಕರೆಸಿ ಅಳತೆ ಮಾಡಿಸಬಹುದು. ಬೈಕಿನ ನಂಬರು, ಬಂದ ಮಿಲಿಮೀಟರು, ದಿನಾಂಕ ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಮರುವರ್ಷ ಯಾವುದು ಎಷ್ಟು ಸವೆದಿದೆಯೆಂದು ತಿಳಿಯುತ್ತದೆ. ಹಲವರಿಗೆ ಕಿಟ್ ಬೇಕಾದರೆ ಯಲ್ಲಾಪುರದಿಂದ ಒಟ್ಟಾಗಿ ತರಿಸುವುದರಿಂದ ಬೆಲೆಯಲ್ಲಿಯೂ ಅನುಕೂಲವಾದೀತು. ತೆಗೆದ ಹಳೆಯ ಚೈನು ಮತ್ತು ಹಲ್ಲುಚಕ್ರಗಳು ಒಳ್ಳೆಯ ಉಕ್ಕು. ಅವು ಘನತ್ಯಾಜ್ಯ ಘಟಕದ ಒಣಕಸದ ಜೊತೆ ಗುಜರಿಗೆ ಹೋಗಲಿ. ಎಣ್ಣೆ ಒರೆಸಿದ ಬಟ್ಟೆಯನ್ನೂ ಕೊಳೆಯಾದ ಸೀಮೆಎಣ್ಣೆಯನ್ನೂ ಹಳ್ಳದ ದಂಡೆಗೆ ಎಸೆಯದೆ ಡಬ್ಬಿಯಲ್ಲಿ ಕೂಡಿಡಬೇಕು, ಏಕೆಂದರೆ ಆ ಹಳ್ಳದ ಕೆಳಗಡೆಯೇ ಊರಿನ ಬಾವಿಯಿರುತ್ತದೆ.